ಲಗೇಜ್ ಆಟೋ ಟೈರ್ ಗಾಳಿ, ಶೋರೂಮ್ ಸರ್ವಿಸ್: ಇವೆರಡು ತಪ್ಪಿದ್ರೆ ಬೆಳೆದದ್ದು ಮಾರ್ಕೆಟ್ ಮುಟ್ಟಲ್ಲ



ಹಳೇಕೋಟೆ ಹೋಬಳಿ ಕಡೆ ಬೆಳಗಿನ ಜಾವ ನಾಲ್ಕು ಗಂಟೆಗೆ ರಸ್ತೆ ಬದಿ ನಿಂತ್ರೆ ಮೊದಲು ಕಿವಿಗೆ ಬೀಳೋದು ಲಗೇಜ್ ಆಟೋ ಸದ್ದು. ಹಾಸನದ ಎಪಿಎಂಸಿಗೆ ಆಲೂಗಡ್ಡೆ, ಹೊಳೆನರಸೀಪುರಕ್ಕೆ ಬೀನ್ಸು, ಟೊಮ್ಯಾಟೊ, ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ, ಅರಕಲಗೂಡು ಸೀಮೆಯಿಂದ ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪು. ಲಾರಿ ಬರದ ಓಣಿಗೂ ಇದು ಬರುತ್ತೆ. ಟ್ರ್ಯಾಕ್ಟರ್ ಕಟ್ಟಿದ್ರೆ ಗಿಟ್ಟದ ಸಣ್ಣ ಲೋಡಿಗೂ ಇದೇ ಗತಿ. ಊರಿಗೆ ನಾಲ್ಕಾರು ಹುಡುಗರು ಸಾಲ ಮಾಡಿ ಗಾಡಿ ತಗೊಂಡಿದ್ದಾರೆ. ಸ್ವಂತ ಬೆಳೆ ಸಾಗಿಸ್ತಾರೆ, ಬಿಡುವಿದ್ದಾಗ ಅಕ್ಕಪಕ್ಕದವರ ಬಾಡಿಗೆ ಹೊಡೀತಾರೆ.

ಟ್ರ್ಯಾಕ್ಟರ್, ಪಂಪ್‌ಸೆಟ್, ಸ್ಪ್ರೇಯರ್ ಬಗ್ಗೆ ನಾವು ಮಾತಾಡೋದು ಬಹಳ. ದಿನಾ ಓಡೋ ಈ ಮೂರು ಚಕ್ರದ ಗಾಡಿ ಬಗ್ಗೆ ಕಡಿಮೆ. ಈ ವಾರ ಅದರಲ್ಲಿ ಎರಡೇ ವಿಷಯ ನೋಡೋಣ: ಟೈರ್ ಗಾಳಿ, ಶೋರೂಮ್ ಸರ್ವಿಸ್.

ನಾನೇ ಮಾಡಿದ ತಪ್ಪು

ಎರಡು ವರ್ಷದ ಹಿಂದಿನ ಮಾತು. ಆಲೂಗಡ್ಡೆ ಕಿತ್ತ ಕಾಲ. ಹನ್ನೆರಡು ಚೀಲ ಹೇರಿಕೊಂಡು ಹಾಸನದ ಕಡೆ ಹೊರಟಿದ್ದೆ. ಹೊರಡೋ ಮುಂಚೆ ಟೈರ್‌ಗೆ ಕಾಲಲ್ಲಿ ಒದ್ದು ನೋಡಿದ್ದೆ, ಗಟ್ಟಿಯಾಗೇ ಇತ್ತು. ಮಾವಿನಕೆರೆ ದಾಟಿ ಸ್ವಲ್ಪ ದೂರ ಹೋಗೋ ಹೊತ್ತಿಗೆ ಹಿಂದಿನ ಎಡಗಡೆ ಟೈರ್ ಢಮಾರ್ ಅಂತು. ಗಾಡಿ ಉರುಳದೇ ಇದ್ದದ್ದು ಪುಣ್ಯ. ಸ್ಟೆಪ್ನಿ ಇಳಿಸಿ ನೋಡಿದ್ರೆ ಅದರಲ್ಲೂ ಗಾಳಿ ಇಲ್ಲ. ಇನ್ನೊಂದು ಗಾಡಿ ಕರೆಸಿ, ಚೀಲ ಬದಲಾಯಿಸಿ ಮಾರ್ಕೆಟ್ ಮುಟ್ಟೋ ಹೊತ್ತಿಗೆ ಹರಾಜು ಮುಗಿದಿತ್ತು. ಮಿಕ್ಕ ರೇಟಿಗೆ ಕೊಟ್ಟು ಬಂದೆ.

ಪಂಕ್ಚರ್ ಅಂಗಡಿಯ ಅಣ್ಣ ಹರಿದ ಟೈರ್ ಒಳಗೆ ಕೈ ಹಾಕಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಎಷ್ಟು ಪೌಂಡ್ ಇತ್ತಪ್ಪಾ?"

"ಗೊತ್ತಿಲ್ಲ ಅಣ್ಣ, ಗಟ್ಟಿಯಾಗೇ ಇತ್ತು."

"ಗಟ್ಟಿ ಅನ್ನೋದು ಲೆಕ್ಕ ಅಲ್ಲ ಕಣಪ್ಪಾ. ನೋಡಿಲ್ಲಿ, ಒಳಗಡೆ ನೂಲು ಸುಟ್ಟೋಗಿದೆ. ಇವತ್ತು ಹಾಳಾದ ಟೈರ್ ಅಲ್ಲ ಇದು, ಒಂದು ತಿಂಗಳಿಂದ ಹಾಳಾಗ್ತಾ ಬಂದಿದೆ."

ಅದಾಗಿ ಹದಿನೈದು ದಿನಕ್ಕೆ ಗೇರ್‌ಬಾಕ್ಸ್ ಹತ್ತಿರ ಆಯಿಲ್ ಸೋರೋಕೆ ಶುರುವಾಯ್ತು. ವಾರಂಟಿ ಇದೆಯಲ್ಲ ಅಂತ ಧೈರ್ಯವಾಗಿ ಶೋರೂಮ್‌ಗೆ ಹೋದೆ. "ಸರ್, ನಿಮ್ಮ ಮೂರನೇ ಸರ್ವಿಸ್ ಆಗೇ ಇಲ್ಲ" ಅಂದ್ರು. "ಇನ್ನೂ ಅಷ್ಟು ಕಿಲೋಮೀಟರ್ ಓಡೇ ಇಲ್ವಲ್ಲ ಸಾರ್" ಅಂದೆ. "ಕಿಲೋಮೀಟರ್ ಆಗಿಲ್ಲ ನಿಜ, ಆದ್ರೆ ತಾರೀಖು ಮುಗಿದಿದೆ" ಅಂತ ಪುಸ್ತಕ ತೆಗೆದು ತೋರಿಸಿದ್ರು. ಬರೆದಿತ್ತು. ನಾನು ಓದಿರಲಿಲ್ಲ.

ಎರಡೂ ಸಲ ನಾನು ಕಳ್ಕೊಂಡದ್ದು ಅದೃಷ್ಟ ಕೆಟ್ಟು ಅಲ್ಲ. ಮೊದಲನೇ ಸಲ ಗಾಳಿಯ ನಂಬರ್ ಗೊತ್ತಿರಲಿಲ್ಲ, ಎರಡನೇ ಸಲ ಸರ್ವಿಸ್ ತಾರೀಖು ಗೊತ್ತಿರಲಿಲ್ಲ. ಇವತ್ತಿನ ಲೇಖನದ ಸಾರ ಇಷ್ಟೇ: ಗಾಳಿಯ ನಂಬರ್, ಸರ್ವಿಸ್‌ನ ತಾರೀಖು ಎರಡೂ ನಿಮ್ಮ ಫೋನ್‌ನಲ್ಲಿ ಇರಬೇಕು.

ಮೂರು ಚಕ್ರಕ್ಕೆ ಗಾಳಿ ಯಾಕೆ ಇಷ್ಟು ಮುಖ್ಯ?

ಈ ಗಾಡಿ ಹುಟ್ಟಿದ್ದೇ ಸ್ಕೂಟರ್‌ನಿಂದ. ಇಟಲಿಯ ಪಿಯಾಜಿಯೋ ಕಂಪನಿ 1946ರಲ್ಲಿ ವೆಸ್ಪಾ ಸ್ಕೂಟರ್ ತಂತು. 1948ರಲ್ಲಿ ಅದೇ ಸ್ಕೂಟರ್‌ನ ಹಿಂದೆ ಎರಡು ಚಕ್ರ, ಒಂದು ತೊಟ್ಟಿ ಕಟ್ಟಿ 'ಆಪೆ' ಅಂತ ಹೆಸರಿಟ್ಟರು. ಇಟಾಲಿಯನ್‌ನಲ್ಲಿ ವೆಸ್ಪಾ ಅಂದ್ರೆ ಕಣಜ, ಆಪೆ ಅಂದ್ರೆ ಜೇನುನೊಣ. ನಮ್ಮಲ್ಲಿ ಇವತ್ತಿಗೂ ಯಾವ ಕಂಪನಿ ಗಾಡಿಯಾದ್ರೂ "ಆಪೆ ಬಂತಾ?" ಅಂತ ಕೇಳೋರಿದ್ದಾರೆ.

ಸ್ಕೂಟರ್ ವಂಶ ಆದ್ದರಿಂದ ಚಕ್ರ ಚಿಕ್ಕದು. ಲಗೇಜ್ ಆಟೋಗಳಲ್ಲಿ ಸಾಮಾನ್ಯವಾಗಿ ಕಾಣೋ 4.50-10 ಅಳತೆಯ ಟೈರ್ ಒಂದು ಕಿ.ಮೀ.ಗೆ ಸುಮಾರು 600 ಸುತ್ತು ಸುತ್ತುತ್ತೆ. ಲಾರಿ ಚಕ್ರಕ್ಕೆ ಹೋಲಿಸಿದ್ರೆ ಹತ್ತಿರ ಹತ್ತಿರ ಎರಡು ಪಟ್ಟು. ಹೊಳೆನರಸೀಪುರದಿಂದ ಹಾಸನಕ್ಕೆ 30 ಕಿ.ಮೀ. ಅಂತ ಇಟ್ಕೊಂಡ್ರೂ 18,000 ಸುತ್ತು. ಪ್ರತಿ ಸುತ್ತಿಗೂ ಟೈರ್ ನೆಲ ಮುಟ್ಟೋ ಜಾಗದಲ್ಲಿ ಚಪ್ಪಟೆಯಾಗಿ ಮತ್ತೆ ಗುಂಡಗಾಗುತ್ತೆ. ಗಾಳಿ ಕಡಿಮೆ ಇದ್ದಷ್ಟೂ ಜಾಸ್ತಿ ಮಡಚುತ್ತೆ, ಮಡಚಿದಷ್ಟೂ ಬಿಸಿಯಾಗುತ್ತೆ. ತಂತಿನ ಅತ್ತಿತ್ತ ಬಗ್ಗಿಸ್ತಾ ಇದ್ರೆ ಬಿಸಿಯಾಗಿ ತುಂಡಾಗಲ್ವೇ, ಹಾಗೇ ಇದು. ಒಳಗಿನ ನೂಲು ಸುಟ್ಟು, ಪದರ ಬಿಟ್ಟು, ಒಂದು ದಿನ ಲೋಡ್ ಇರೋವಾಗ ಹೊಡೆಯುತ್ತೆ.

ಎರಡನೇ ಕಾರಣ ಸಮತೋಲನ. ಮುಂದೆ ಒಂದೇ ಚಕ್ರ, ಅದರಲ್ಲೇ ಹ್ಯಾಂಡಲ್. ಹಿಂದಿನ ಒಂದು ಟೈರ್‌ನಲ್ಲಿ ಗಾಳಿ ಇಳಿದ್ರೆ ಗಾಡಿ ಆ ಕಡೆ ವಾಲುತ್ತೆ, ತಿರುವಿನಲ್ಲಿ ಉರುಳೋ ಅಪಾಯ ಹೆಚ್ಚು. ಮುಂದಿನ ಟೈರ್ ಹೊಡೆದ್ರೆ ಹ್ಯಾಂಡಲ್ ಕೈಗೆ ಸಿಗಲ್ಲ. ನಾಲ್ಕು ಚಕ್ರದ ಗಾಡಿ ಕ್ಷಮಿಸೋ ತಪ್ಪನ್ನ ಮೂರು ಚಕ್ರದ್ದು ಕ್ಷಮಿಸಲ್ಲ.

ಎಷ್ಟು ಪೌಂಡ್ ಹಾಕಿಸಬೇಕು?

"ಎಲ್ಲಾ ಗಾಡಿಗೂ ಇಷ್ಟು ಹಾಕ್ಸು" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕಂಪನಿ, ಮಾಡೆಲ್, ಟೈರ್ ಅಳತೆ ಮೇಲೆ ಅದು ಬದಲಾಗುತ್ತೆ. ಸರಿಯಾದ ನಂಬರ್ ಇರೋದು ಓನರ್ಸ್ ಮ್ಯಾನ್ಯುಯಲ್‌ನಲ್ಲಿ. ಕೆಲವು ಗಾಡಿಯಲ್ಲಿ ಡ್ರೈವರ್ ಸೀಟ್ ಹತ್ತಿರ ಸ್ಟಿಕ್ಕರ್ ಕೂಡ ಅಂಟಿಸಿರ್ತಾರೆ. ಪುಸ್ತಕ ಕಳೆದಿದ್ರೆ ಶೋರೂಮ್‌ನಲ್ಲಿ ಕೇಳಿ ಬರೆಸಿಕೊಳ್ಳಿ.

ನೆನಪಿಡಬೇಕಾದ್ದು ಮೂರು:

1. ಮುಂದಿಂದು ಬೇರೆ, ಹಿಂದಿಂದು ಬೇರೆ. ಲೋಡ್‌ನ ಹೆಚ್ಚಿನ ಪಾಲು ಹಿಂದಿನ ಎರಡು ಚಕ್ರದ ಮೇಲೆ ಕೂರುತ್ತೆ. ಹಾಗಾಗಿ ಹಿಂದೆ ಗಾಳಿ ಜಾಸ್ತಿ, ಮುಂದೆ ಕಡಿಮೆ. ಮೂರಕ್ಕೂ ಒಂದೇ ಸಮ ಹಾಕಿಸಿದ್ರೆ ಒಂದೋ ಮುಂದೆ ಪುಟಿಯುತ್ತೆ, ಇಲ್ಲಾ ಹಿಂದೆ ಕೂರುತ್ತೆ.

2. ಹಿಂದಿನ ಎರಡೂ ಒಂದೇ ಸಮ ಇರಬೇಕು. ಎಡಕ್ಕೂ ಬಲಕ್ಕೂ ನಾಲ್ಕೈದು ಪೌಂಡ್ ವ್ಯತ್ಯಾಸ ಇದ್ರೆ ಗಾಡಿ ಒಂದು ಕಡೆ ಎಳೆಯುತ್ತೆ, ಬ್ರೇಕ್ ಹಾಕಿದಾಗ ಇನ್ನೂ ಜಾಸ್ತಿ.

3. ಟೈರ್ ಗೋಡೆ ಮೇಲಿರೋ ನಂಬರ್ ಹಾಕಿಸಬೇಡಿ. ಅದು ಆ ಟೈರ್ ತಡೆಯೋ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಬೇಕಾದ್ದು ಮ್ಯಾನ್ಯುಯಲ್‌ನಲ್ಲಿ ಇರೋದು.

ಆ ಪುಟದ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಕೊಳ್ಳಿ. ಇನ್ನೂ ಒಳ್ಳೇದು ಅಂದ್ರೆ, ಪ್ರತಿ ಚಕ್ರದ ಮೇಲಿನ ಮಡ್‌ಗಾರ್ಡ್ ಹತ್ತಿರ ಬಿಳಿ ಪೇಂಟ್‌ನಲ್ಲಿ ನಂಬರ್ ಬರೆದುಬಿಡಿ. ತಮ್ಮನೋ, ಕೆಲಸದ ಹುಡುಗನೋ ಗಾಡಿ ತಗೊಂಡು ಹೋದ್ರೂ ತಪ್ಪಾಗಲ್ಲ.

ಪುಸ್ತಕದಲ್ಲಿ ಒಂದು ಲೆಕ್ಕ, ಬಂಕ್‌ನಲ್ಲಿ ಇನ್ನೊಂದು

ಬಹಳ ಜನ ಎಡವೋದು ಇಲ್ಲಿ. ಮ್ಯಾನ್ಯುಯಲ್‌ನಲ್ಲಿ ಕೆಲವೊಮ್ಮೆ ಕೆ.ಜಿ. ಲೆಕ್ಕ ಇರುತ್ತೆ, ಅಂದ್ರೆ ಒಂದು ಚದರ ಸೆಂಟಿಮೀಟರ್ ಮೇಲೆ ಎಷ್ಟು ಕೆ.ಜಿ. ಒತ್ತಡ ಅಂತ. ಬಂಕ್‌ನ ಮೀಟರ್‌ನಲ್ಲಿ ಪಿಎಸ್‌ಐ, ನಮ್ಮ ಬಾಯಲ್ಲಿ ಪೌಂಡ್. ಒಂದು ಕೆ.ಜಿ. ಅಂದ್ರೆ 14.2 ಪೌಂಡ್. ಈ ಪಟ್ಟಿ ಸ್ಕ್ರೀನ್‌ಶಾಟ್ ಹೊಡೆದಿಟ್ಕೊಳ್ಳಿ:

- 2.0 ಕೆ.ಜಿ. = 28 ಪೌಂಡ್
- 2.25 ಕೆ.ಜಿ. = 32 ಪೌಂಡ್
- 2.5 ಕೆ.ಜಿ. = 36 ಪೌಂಡ್
- 2.8 ಕೆ.ಜಿ. = 40 ಪೌಂಡ್
- 3.0 ಕೆ.ಜಿ. = 43 ಪೌಂಡ್
- 3.25 ಕೆ.ಜಿ. = 46 ಪೌಂಡ್
- 3.5 ಕೆ.ಜಿ. = 50 ಪೌಂಡ್

ಯಾವಾಗ ನೋಡಬೇಕು, ಹೇಗೆ ನೋಡಬೇಕು?

ಟೈರ್ ತಣ್ಣಗಿರುವಾಗ ನೋಡಬೇಕು. ಅಂದ್ರೆ ಗಾಡಿ ನಿಂತು ಮೂರು ಗಂಟೆಯಾದ್ರೂ ಆಗಿರಬೇಕು, ಇಲ್ಲಾ ಒಂದೆರಡು ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಬೆಳಗ್ಗೆ ಹಾಲು ಡೈರಿಗೆ ಹಾಕೋ ಹೊತ್ತು ಇದಕ್ಕೆ ಸರಿಯಾದ ಸಮಯ.

ಓಡಿದ ಮೇಲೆ ಟೈರ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತೆ. ಹಿಂದಿನ ಟೈರ್‌ನಲ್ಲಿ 45 ಪೌಂಡ್ ಆಸುಪಾಸು ಇದ್ರೆ, ಪ್ರತಿ 10 ಡಿಗ್ರಿ ಬಿಸಿಗೆ ಸುಮಾರು 2 ಪೌಂಡ್ ಏರುತ್ತೆ. ಹಾಸನ ಮುಟ್ಟಿದ ಮೇಲೆ ಮೀಟರ್ ಹಚ್ಚಿ "ಅಯ್ಯೋ ಜಾಸ್ತಿ ಇದೆ" ಅಂತ ಗಾಳಿ ಬಿಟ್ರೆ, ತಣ್ಣಗಾದಾಗ ಅಷ್ಟೇ ಕಡಿಮೆ ಆಗಿರುತ್ತೆ. ಬಿಸಿ ಟೈರ್‌ನಿಂದ ಗಾಳಿ ಬಿಡಬೇಡಿ.

ಸ್ವಂತಕ್ಕೆ ಒಂದು ಪ್ರೆಶರ್ ಗೇಜ್ ತಗೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತೆ, ಒಂದು ಟೈರ್ ಬೆಲೆಗೆ ಹೋಲಿಸಿದ್ರೆ ಏನೂ ಅಲ್ಲ. ಬಂಕ್‌ನಲ್ಲಿ ಗಾಳಿ ಪುಕ್ಕಟೆ ಕೊಡಲೇಬೇಕು ಅನ್ನೋದು ತೈಲ ಕಂಪನಿಗಳ ನಿಯಮ. ಆದ್ರೆ ಅಲ್ಲಿನ ಮೀಟರ್ ದಿನಾ ನೂರಾರು ಕೈ ದಾಟಿ ಬಂದಿರುತ್ತೆ, ಎರಡು ಬಂಕ್‌ನಲ್ಲಿ ಎರಡು ಲೆಕ್ಕ ಬರಬಹುದು. ಅಲ್ಲಿ ಹಾಕಿಸಿ, ನಿಮ್ಮ ಗೇಜ್‌ನಲ್ಲಿ ನೋಡಿ.

ನೋಡೋ ಕ್ರಮ ಹೀಗೆ:

- ವಾಲ್ ಕ್ಯಾಪ್ ಬಿಚ್ಚಿ, ಮಣ್ಣು ಒರೆಸಿ, ಗೇಜ್ ನೆಟ್ಟಗೆ ಒತ್ತಿ.
- ನಂಬರ್ ನೋಡಿದ ಮೇಲೆ ವಾಲ್ ಬಾಯಿಗೆ ಸ್ವಲ್ಪ ಎಂಜಲೋ ಸೋಪ್ ನೀರೋ ಹಚ್ಚಿ. ಗುಳ್ಳೆ ಬಂದ್ರೆ ವಾಲ್ ಪಿನ್ ಸೋರ್ತಿದೆ.
- ಕ್ಯಾಪ್ ತಪ್ಪದೆ ಹಾಕಿ. ನಾಲೆ ಏರಿ ಮೇಲೆ, ಗದ್ದೆ ದಾರಿಯಲ್ಲಿ ಓಡೋ ಗಾಡಿಗೆ ಕೆಸರು ಒಳಗೆ ಹೋಗದಂತೆ ತಡೆಯೋದು ಅದೇ.
- ಸ್ಟೆಪ್ನಿ ಮರೀಬೇಡಿ. ಅದಕ್ಕೆ ಹಿಂದಿನ ಚಕ್ರದ ನಂಬರ್ ಹಾಕಿಸಿಡಿ. ಮುಂದೆ ಹಾಕಬೇಕಾಗಿ ಬಂದ್ರೆ ಸ್ವಲ್ಪ ಬಿಟ್ಟರಾಯ್ತು. ಇಲ್ಲದ ಗಾಳಿ ದಾರಿಯಲ್ಲಿ ತುಂಬೋಕಾಗಲ್ಲ.

ಸೀಸನ್‌ನಲ್ಲಿ ದಿನಾ ಲೋಡ್ ಇದ್ರೆ ವಾರಕ್ಕೆ ಎರಡು ಸಲ ನೋಡಿ. ಉಳಿದ ಕಾಲಕ್ಕೆ ವಾರಕ್ಕೊಂದು ಸಲ ಸಾಕು.

ಗಾಳಿ ಜಾಸ್ತಿ ಹಾಕಿದ್ರೆ ಲೋಡ್ ಜಾಸ್ತಿ ಹಾಕಬಹುದಾ?

ಇಲ್ಲ. ನಮ್ಮಲ್ಲಿರೋ ದೊಡ್ಡ ತಪ್ಪು ತಿಳುವಳಿಕೆ ಇದು. "ಇವತ್ತು ಹದಿನೈದು ಚೀಲ ಇದೆ, ಹತ್ತು ಪೌಂಡ್ ಜಾಸ್ತಿ ಹಾಕು" ಅನ್ನೋದನ್ನ ಎಷ್ಟೋ ಸಲ ಕೇಳಿದ್ದೀನಿ. ಗಾಳಿ ಏರಿಸಿದ್ರೆ ಟೈರ್ ಕೂರಲ್ಲ ನಿಜ. ಆದ್ರೆ ಆಕ್ಸಲ್, ಬೇರಿಂಗ್, ಶಾಕ್ ಅಬ್ಸಾರ್ಬರ್, ಬ್ರೇಕ್‌ಗೆ ಬಲ ಎಲ್ಲಿಂದ ಬರುತ್ತೆ? ಹಿಂದೆ ಭಾರ ಹೆಚ್ಚಾದಷ್ಟೂ ಮುಂದಿನ ಚಕ್ರ ಹಗುರ ಆಗುತ್ತೆ. ದಿಬ್ಬ ಹತ್ತುವಾಗ ಹ್ಯಾಂಡಲ್ ತೇಲಿದಂಗೆ ಆಗೋದು ಅದಕ್ಕೇ.

ನಿಮ್ಮ ಗಾಡಿ ಎಷ್ಟು ಹೊರಬಹುದು ಅಂತ ಆರ್‌ಸಿ ನೋಡಿದ್ರೆ ಗೊತ್ತಾಗುತ್ತೆ. ಡಿಜಿಲಾಕರ್‌ನಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ತೆಗೆದು ನೋಡಿ. ಅದರಲ್ಲಿ ಖಾಲಿ ತೂಕ, ಲೋಡ್ ಸಮೇತ ಒಟ್ಟು ತೂಕ ಎರಡೂ ಇರುತ್ತೆ. ಲೆಕ್ಕ ತಿಳಿಯೋಕೆ ಒಂದು ಉದಾಹರಣೆ:

- ಒಟ್ಟು ತೂಕ 975 ಕೆ.ಜಿ., ಖಾಲಿ ತೂಕ 440 ಕೆ.ಜಿ. ಅಂತ ಇಟ್ಕೊಳ್ಳಿ. ವ್ಯತ್ಯಾಸ 535.
- ಅದರಲ್ಲಿ ಡ್ರೈವರ್ ತೂಕ 65 ಕಳೆಯಿರಿ. ಉಳಿದದ್ದು 470.
- 50 ಕೆ.ಜಿ. ಚೀಲ ಆದ್ರೆ ಒಂಬತ್ತು. ಹತ್ತನೇದು ಹೆಚ್ಚು.

ನಾನು ಅವತ್ತು ಹೇರಿದ್ದು ಹನ್ನೆರಡು. ಗಾಳಿ ಕಡಿಮೆ, ಲೋಡ್ ಜಾಸ್ತಿ, ಎರಡೂ ಕೂಡಿತ್ತು.

ಕಾನೂನು ಕಡೆಯಿಂದ ನೋಡಿದ್ರೂ ಇದು ದುಬಾರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ ಓವರ್‌ಲೋಡ್‌ಗೆ ಕಾಯ್ದೆಯಲ್ಲಿ ಬರೆದಿರೋ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ಚೀಲಗಳನ್ನ ಹಿಂದೆ ಗುಡ್ಡೆ ಹಾಕೋ ಬದಲು ಕ್ಯಾಬಿನ್ ಕಡೆಯಿಂದ ಜೋಡಿಸ್ತಾ ಬನ್ನಿ, ಎಡಬಲ ಸಮ ಇರಲಿ. ಇದರಿಂದಲೇ ಅರ್ಧ ತೊಂದರೆ ತಪ್ಪುತ್ತೆ.

ಟೈರ್ ಸವೆತ ಏನು ಹೇಳುತ್ತೆ?

ಎಲೆ ನೋಡಿ ರೋಗ ಹೇಳ್ತೀವಲ್ಲ, ಟೈರ್ ನೋಡಿದ್ರೂ ಗಾಡಿ ರೋಗ ಗೊತ್ತಾಗುತ್ತೆ.

- ನಡುವೆ ಮಾತ್ರ ಸವೆದಿದೆ: ಗಾಳಿ ಜಾಸ್ತಿ.
- ಎರಡೂ ಅಂಚು ಸವೆದಿದೆ, ನಡುವೆ ಚೆನ್ನಾಗಿದೆ: ಗಾಳಿ ಕಡಿಮೆ, ಇಲ್ಲಾ ಓವರ್‌ಲೋಡ್.
- ಒಂದೇ ಅಂಚು ಸವೆದಿದೆ: ಬೇರಿಂಗ್ ಸಡಿಲ, ಇಲ್ಲಾ ಚಕ್ರ ಹಿಡಿದಿರೋ ಆರ್ಮ್ ಬಾಗಿದೆ. ಗಾಳಿಯಿಂದ ಸರಿ ಹೋಗಲ್ಲ, ಸರ್ವಿಸ್‌ಗೆ ಕೊಡಿ.
- ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆದಿದೆ: ಶಾಕ್ ಅಬ್ಸಾರ್ಬರ್ ಹೋಗಿದೆ, ಇಲ್ಲಾ ಬ್ರೇಕ್ ಒಂದೇ ಕಡೆ ಹಿಡೀತಿದೆ.
- ಪಕ್ಕದ ಗೋಡೆಯಲ್ಲಿ ಗಂಟು ಎದ್ದಿದೆ: ಒಳಗೆ ನೂಲು ಹರಿದಿದೆ. ಇನ್ನೊಂದು ಲೋಡ್ ಕೂಡ ಹಾಕಬೇಡಿ.

ಟೈರ್ ಪಟ್ಟಿಯ ನಡುವೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತೆ. ಪಕ್ಕದ ಗೋಡೆಯಲ್ಲಿ ಅದರ ನೇರಕ್ಕೆ ಬಾಣದ ಗುರುತೋ, ಟಿಡಬ್ಲ್ಯುಐ ಅಂತಲೋ ಇರುತ್ತೆ. ಪಟ್ಟಿ ಸವೆದು ಆ ಉಬ್ಬಿನ ಸಮಕ್ಕೆ ಬಂದ್ರೆ ಟೈರ್ ಆಯಸ್ಸು ಮುಗೀತು. ಮಳೆಗಾಲಕ್ಕೆ ಮುಂಚೆ ಇದನ್ನ ತಪ್ಪದೆ ನೋಡಿ.

ಪಂಕ್ಚರ್ ಆದಾಗ ಜೀವ ಉಳಿಸೋ ಒಂದು ಮಾತು

ಇದನ್ನ ದಯವಿಟ್ಟು ಎರಡು ಸಲ ಓದಿ. ಬಹಳಷ್ಟು ಮೂರು ಚಕ್ರದ ಗಾಡಿಗಳಲ್ಲಿ ರಿಮ್ ಎರಡು ಹೋಳು. ಎರಡನ್ನೂ ನಟ್ ಹಾಕಿ ಬಿಗಿದು ಒಂದು ಮಾಡಿರ್ತಾರೆ. ಹಾಗಾಗಿ ಚಕ್ರದಲ್ಲಿ ಎರಡು ಗುಂಪಿನ ನಟ್ ಕಾಣುತ್ತೆ. ಒಂದು ಗುಂಪು ಚಕ್ರವನ್ನ ಗಾಡಿಗೆ ಹಿಡಿದಿರೋದು. ಇನ್ನೊಂದು ರಿಮ್‌ನ ಎರಡು ಹೋಳನ್ನ ಕೂಡಿಸಿರೋದು.

ಚಕ್ರ ಬಿಚ್ಚೋಕೆ ಮೊದಲನೇ ಗುಂಪು ಮಾತ್ರ ಸಾಕು. ಗೊತ್ತಿಲ್ಲದೆ ಗಾಳಿ ತುಂಬಿದ ಚಕ್ರದಲ್ಲಿ ಎರಡನೇ ಗುಂಪಿನ ನಟ್ ಬಿಚ್ಚಿದ್ರೆ ರಿಮ್ ಸಿಡಿದು ಮುಖಕ್ಕೆ ಹಾರುತ್ತೆ. ಟ್ಯೂಬ್ ಬದಲಾಯಿಸೋ ಮುಂಚೆ ವಾಲ್ ಪಿನ್ ತೆಗೆದು ಗಾಳಿ ಪೂರ್ತಿ ಖಾಲಿ ಮಾಡಿ, ಆಮೇಲೆ ರಿಮ್ ನಟ್ ಮುಟ್ಟಿ. ಯಾವ ನಟ್ ಯಾವುದು ಅಂತ ಶೋರೂಮ್‌ನಲ್ಲಿ ಮೊದಲನೇ ಸರ್ವಿಸ್ ದಿನವೇ ತೋರಿಸಿಕೊಳ್ಳಿ. ರಿಮ್ ನಟ್‌ಗೆ ಕೆಂಪು ಪೇಂಟ್ ಹಚ್ಚಿಟ್ರೆ ರಾತ್ರಿ ಹೊತ್ತಲ್ಲೂ ತಪ್ಪಾಗಲ್ಲ.

ಚಕ್ರ ಬದಲಾಯಿಸಿದ ಮೇಲೆ 50 ಕಿ.ಮೀ. ಓಡಿಸಿ ನಟ್ ಮತ್ತೊಮ್ಮೆ ಬಿಗಿ ಮಾಡಿ.

ಹೊಸ ಟೈರ್ ತಗೊಳ್ಳುವಾಗ

- ಅಳತೆ: 4.50-10 ಅಂದ್ರೆ 4.5 ಇಂಚು ಅಗಲ, 10 ಇಂಚಿನ ರಿಮ್. ಪಕ್ಕದಲ್ಲಿ 8ಪಿಆರ್ ಅಂತ ಇದ್ರೆ ಅದು ಟೈರ್‌ನ ಬಲದ ದರ್ಜೆ. ಗಾಡಿ ಜೊತೆ ಬಂದದ್ದಕ್ಕಿಂತ ಕಡಿಮೆ ದರ್ಜೆಯದು ಅಗ್ಗ ಅಂತ ಹಾಕಬೇಡಿ.
- ತಯಾರಾದ ವಾರ: ಗೋಡೆ ಮೇಲೆ ನಾಲ್ಕು ಅಂಕಿ ಒತ್ತಿರುತ್ತೆ. 2324 ಅಂದ್ರೆ 2024ರ 23ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರ್ ಹೊಸದಾಗಿ ಕಂಡ್ರೂ ರಬ್ಬರ್ ಗಡುಸಾಗಿರುತ್ತೆ.
- ಐಎಸ್‌ಐ ಗುರುತು: ಎರಡು, ಮೂರು ಚಕ್ರದ ಗಾಡಿ ಟೈರ್‌ನ ಮಾನಕ ಐಎಸ್ 15627. ಗುರುತು ಇಲ್ಲದ್ದು ಬೇಡ.
- ಬಿಲ್: 2025ರ ಸೆಪ್ಟೆಂಬರ್ 22ರಿಂದ ಈ ಟೈರ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್‌ನಲ್ಲಿ ಎಷ್ಟು ಹಾಕಿದ್ದಾರೆ ನೋಡಿ. ಬಿಲ್ ಇಲ್ಲದೆ ವಾರಂಟಿ ಕೇಳೋಕಾಗಲ್ಲ.

ಹಿಂದಿನ ಎರಡೂ ಟೈರ್ ಜೋಡಿಯಾಗಿ ಬದಲಾಯಿಸಿ. ಹೊಸ ಟೈರ್ ಜೊತೆ ಹೊಸ ಟ್ಯೂಬ್ ಹಾಕಿಸಿ. ಹಳೇ ಟ್ಯೂಬ್ ಹಿಗ್ಗಿರುತ್ತೆ, ಒಳಗೆ ಮಡಚಿಕೊಂಡು ಸೀಳುತ್ತೆ.

ಇನ್ನು ಶೋರೂಮ್ ಸರ್ವಿಸ್: ತಾರೀಖೇ ಮುಖ್ಯ

ಪೇಟೆಯಲ್ಲಿ ಬಾಡಿಗೆ ಓಡಿಸೋ ಡ್ರೈವರ್‌ಗೆ ಕಿಲೋಮೀಟರ್ ಬೇಗ ತುಂಬುತ್ತೆ. ರೈತನ ಗಾಡಿ ಹಾಗಲ್ಲ. ಆಲೂಗಡ್ಡೆ, ತರಕಾರಿ ಕಾಲದಲ್ಲಿ ಬಿಡುವಿಲ್ಲದೆ ಓಡುತ್ತೆ, ಆಮೇಲೆ ತಿಂಗಳುಗಟ್ಟಲೆ ಕೊಟ್ಟಿಗೆ ಪಕ್ಕ ನಿಂತಿರುತ್ತೆ. ಸರ್ವಿಸ್ ಪುಸ್ತಕದಲ್ಲಿ "ಇಷ್ಟು ಕಿ.ಮೀ. ಅಥವಾ ಇಷ್ಟು ದಿನ, ಯಾವುದು ಮೊದಲೋ ಅದು" ಅಂತ ಇರುತ್ತೆ. ನಮಗೆ ಬಹಳ ಸಲ ಮೊದಲು ಬರೋದು ದಿನ. ಕಿಲೋಮೀಟರ್ ನೋಡ್ಕೊಂಡು ಕೂತವರ ವಾರಂಟಿ ಹೋಗೋದು ಹೀಗೆ.

ಗಾಡಿ ತಗೊಂಡ ದಿನವೇ ಪುಸ್ತಕ ತೆಗೆದು ಪ್ರತಿ ಸರ್ವಿಸ್‌ನ ಕೊನೆ ತಾರೀಖು ಲೆಕ್ಕ ಹಾಕಿ. ಹತ್ತು ದಿನ ಮುಂಚೆ ಫೋನ್ ಕ್ಯಾಲೆಂಡರ್‌ನಲ್ಲಿ ಅಲಾರಂ ಇಡಿ. ಫ್ರೀ ಸರ್ವಿಸ್ ಅಂದ್ರೆ ಸಾಮಾನ್ಯವಾಗಿ ಕೂಲಿ ಮಾತ್ರ ಫ್ರೀ, ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಬೇಕು. ಹೋಗೋ ಮುಂಚೆ ಫೋನ್‌ನಲ್ಲಿ ಕೇಳ್ಕೊಳ್ಳಿ.

ಮೊದಲನೇ ಸರ್ವಿಸ್ ಯಾವ ಕಾರಣಕ್ಕೂ ತಪ್ಪಿಸಬೇಡಿ. ಹೊಸ ಇಂಜಿನ್ ಪಳಗುವಾಗ ಸಣ್ಣ ಲೋಹದ ಚೂರು ಆಯಿಲ್‌ಗೆ ಸೇರುತ್ತೆ. ಆ ಆಯಿಲ್ ಬದಲಾಗದೆ ಓಡಿದ್ರೆ ಇಂಜಿನ್ ಒಳಗೆ ಮರಳು ಹಾಕಿ ಉಜ್ಜಿದಂಗೆ.

"ಊರಲ್ಲೇ ಮೆಕ್ಯಾನಿಕ್ ಇದ್ದಾನೆ, ಹಾಸನಕ್ಕೆ ಯಾಕೆ ಹೋಗ್ಬೇಕು?" ಅಂತ ಕೇಳಬಹುದು. ಊರಿನ ಮೆಕ್ಯಾನಿಕ್ ನಮಗೆ ಬೇಕೇ ಬೇಕು. ಪಂಕ್ಚರ್, ಗ್ರೀಸ್, ಬಲ್ಬು, ಕೇಬಲ್ಲು ಇವೆಲ್ಲ ಅವರೇ ಚೆನ್ನಾಗಿ ಮಾಡ್ತಾರೆ. ಆದ್ರೆ ವಾರಂಟಿ ಮುಗಿಯೋವರೆಗೆ ಇಂಜಿನ್, ಗೇರ್‌ಬಾಕ್ಸ್, ವೈರಿಂಗ್ ಹೊರಗೆ ಬಿಚ್ಚಿಸಬೇಡಿ. ಜೊತೆಗೆ, 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸೆನ್ಸರ್, ಎಲೆಕ್ಟ್ರಾನಿಕ್ಸ್ ಜಾಸ್ತಿ. ಇಂಜಿನ್ ಲೈಟ್ ಹತ್ತಿದ್ರೆ ಕಂಪ್ಯೂಟರ್ ಹಚ್ಚಿ ನೋಡಬೇಕು. ಎಲೆಕ್ಟ್ರಿಕ್ ಲಗೇಜ್ ಆಟೋ ಇದ್ದೋರಿಗಂತೂ ಇನ್ನೂ ಹೆಚ್ಚು. ಅವರಿಗೆ ಟೈರ್ ಗಾಳಿ ಕಡಿಮೆಯಾದ್ರೆ ಒಂದು ಚಾರ್ಜ್‌ಗೆ ಓಡೋ ದೂರವೇ ಕಡಿಮೆಯಾಗುತ್ತೆ, ಮೀಟರ್‌ನಲ್ಲಿ ಕಣ್ಣಿಗೇ ಕಾಣುತ್ತೆ.

ಜಾಬ್ ಕಾರ್ಡ್ ಇಲ್ಲದೆ ಗಾಡಿ ಬಿಟ್ಟು ಬರಬೇಡಿ

ಶೋರೂಮ್‌ನಲ್ಲಿ ಗಾಡಿ ಬಿಡುವಾಗ ಬರೆಯೋ ಚೀಟಿಗೆ ಜಾಬ್ ಕಾರ್ಡ್ ಅಂತಾರೆ. ಮುಂದೆ ಏನೇ ತಕರಾರು ಬಂದ್ರೂ ನಿಮ್ಮ ಕೈಯಲ್ಲಿರೋ ಸಾಕ್ಷಿ ಅದೊಂದೇ.

1. ದೂರು ಏನಿದೆ ಅಂತ ನೀವು ಹೇಳಿದ ಹಾಗೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದು ಮುಗಿಸೋಕೆ ಬಿಡಬೇಡಿ. "ಬ್ರೇಕ್ ಹಾಕಿದ್ರೆ ಎಡಕ್ಕೆ ಎಳೆಯುತ್ತೆ, ಹಿಂದಿನ ಬಲ ಟೈರ್ ಒಳ ಅಂಚು ಸವೆದಿದೆ" ಅಂತ ಇರಲಿ.
2. ಮೀಟರ್‌ನಲ್ಲಿ ಎಷ್ಟು ಕಿ.ಮೀ. ಇದೆ, ತಾರೀಖು ಎಷ್ಟು ಅಂತ ಬರೆದಿದ್ದಾರಾ ನೋಡಿ.
3. ಖರ್ಚು ಎಷ್ಟಾಗಬಹುದು ಅಂತ ಮೊದಲೇ ಕೇಳಿ. "ಅದಕ್ಕಿಂತ ಜಾಸ್ತಿ ಆಗೋದಾದ್ರೆ ಫೋನ್ ಮಾಡಿ ಕೇಳಿ ಮಾಡಿ" ಅಂತ ಹೇಳಿ.
4. ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಕೇಳಿ. ವಾರಂಟಿಯಲ್ಲಿ ಬದಲಾಯಿಸಿದ್ದನ್ನ ಕಂಪನಿಗೆ ಕಳಿಸ್ತಾರೆ, ದುಡ್ಡು ಕೊಟ್ಟು ಬದಲಾಯಿಸಿದ್ದು ನಿಮ್ಮದೇ.
5. ಜಾಬ್ ಕಾರ್ಡ್, ಬಿಲ್, ಸರ್ವಿಸ್ ಪುಸ್ತಕದ ಸೀಲ್ ಹಾಕಿದ ಪುಟ ಮೂರರದ್ದೂ ಅಲ್ಲೇ ಫೋಟೋ ತೆಗೀರಿ.

ಸರ್ವಿಸ್‌ನಲ್ಲಿ ಮುಖ್ಯವಾಗಿ ನೋಡಿಸಬೇಕಾದ್ದು: ಮೂರೂ ಚಕ್ರದ ಬೇರಿಂಗ್ ಆಟ, ಬ್ರೇಕ್ ಲೈನರ್, ಮುಂದಿನ ಚಕ್ರದ ಆರ್ಮ್, ಶಾಕ್ ಅಬ್ಸಾರ್ಬರ್ ಸೋರಿಕೆ, ಹಿಂದಿನ ಚಕ್ರ ತಿರುಗಿಸೋ ಶಾಫ್ಟ್‌ನ ರಬ್ಬರ್ ಕವರ್. ಆ ಕವರ್ ಹರಿದು ಗದ್ದೆ ಕೆಸರು ಒಳಗೆ ಹೋದ್ರೆ ಜಾಯಿಂಟ್ ತಿಂದುಬಿಡುತ್ತೆ. ಕವರ್‌ಗೆ ಸ್ವಲ್ಪ ದುಡ್ಡು, ಜಾಯಿಂಟ್‌ಗೆ ಬಹಳ.

ಗಾಡಿ ವಾಪಸ್ ತಗೊಂಡ ಮೇಲೆ ಮನೆಗೆ ಬಂದು ಮರುದಿನ ಬೆಳಗ್ಗೆ ಗಾಳಿ ನೀವೇ ಇನ್ನೊಮ್ಮೆ ನೋಡಿ. ಕೆಲವು ಕಡೆ ಮೂರಕ್ಕೂ ಒಂದೇ ಸಮ ಹೊಡೆದು ಕಳಿಸಿಬಿಡ್ತಾರೆ.

ಟೈರ್ ವಾರಂಟಿ ಬಗ್ಗೆ ಒಂದು ಮಾತು. ಅದನ್ನ ಕೊಡೋದು ಗಾಡಿ ಕಂಪನಿ ಅಲ್ಲ, ಟೈರ್ ಕಂಪನಿ. ತಯಾರಿಕೆಯಲ್ಲಿ ದೋಷ ಇದ್ರೆ ಮಾತ್ರ ಸಿಗುತ್ತೆ. ಗಾಳಿ ಕಡಿಮೆ ಇಟ್ಟು ಓಡಿಸಿದ್ದು, ಓವರ್‌ಲೋಡ್ ಮಾಡಿದ್ದು ಟೈರ್ ಒಳಗೆ ಕಾಣುತ್ತೆ, ಸುಳ್ಳು ಹೇಳೋಕಾಗಲ್ಲ.

ಅನ್ಯಾಯ ಆದ್ರೆ ಏನು ಮಾಡಬೇಕು?

ಸರ್ವಿಸ್ ಎಲ್ಲಾ ಸರಿಯಾಗಿ ಮಾಡಿಸಿ, ಕಾಗದ ಎಲ್ಲಾ ಇದ್ದೂ ವಾರಂಟಿ ಕೊಡದೆ ಓಡಾಡಿಸಿದ್ರೆ ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ಲಿಖಿತ ದೂರು ಕೊಡಿ, ನಂಬರ್ ತಗೊಳ್ಳಿ. ಆಗಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

"ಲಗೇಜ್ ಆಟೋ ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ" ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಅಂತಲೇ ಕೊಂಡ ವಸ್ತುವಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ರಕ್ಷಣೆ ಇದೆ. ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಫೋನ್‌ನಿಂದಲೂ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು.

ಆದ್ರೆ ನನ್ನ ಹಾಗೆ ತಾರೀಖು ತಪ್ಪಿಸಿಕೊಂಡಿದ್ರೆ ವಾದ ಮಾಡೋಕೆ ಬಾಯಿ ಇರಲ್ಲ. ಗೇರ್‌ಬಾಕ್ಸ್ ಸೀಲ್ ನನ್ನ ಕೈಯಿಂದಲೇ ಹಾಕಿಸಿಕೊಂಡು ಬಂದೆ.

ಗಾಡಿ ನಿಲ್ಲಿಸೋ ಕಾಲದಲ್ಲಿ

ಕೆಲಸ ಇಲ್ಲದ ತಿಂಗಳಲ್ಲಿ ಗಾಡಿ ಲೋಡ್ ಸಮೇತ ನಿಲ್ಲಿಸಬೇಡಿ. ನೆರಳಲ್ಲಿ, ಒಣ ನೆಲದ ಮೇಲೆ ನಿಲ್ಲಿಸಿ. ಡೀಸೆಲ್, ಆಯಿಲ್ ಚೆಲ್ಲಿದ ಜಾಗ ರಬ್ಬರ್ ತಿನ್ನುತ್ತೆ. ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಮುಂದೆ ಹಿಂದೆ ಮಾಡಿ, ಇಲ್ಲಾಂದ್ರೆ ಟೈರ್ ಒಂದೇ ಜಾಗದಲ್ಲಿ ಚಪ್ಪಟೆ ಹಿಡಿಯುತ್ತೆ. ಎಫ್‌ಸಿ ತಾರೀಖು ಕೂಡ ಈ ಸಮಯದಲ್ಲೇ ನೋಡ್ಕೊಳ್ಳಿ. ಗಾಡಿಗೆ ಎಂಟು ವರ್ಷ ಆಗೋವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸೀಸನ್ ಮಧ್ಯೆ ಎಫ್‌ಸಿಗೆ ಅಲೆಯೋದಕ್ಕಿಂತ ಈಗಲೇ ಮುಗಿಸೋದು ಮೇಲು.

ಈ ವಾರದ ಕೆಲಸ

- ಮ್ಯಾನ್ಯುಯಲ್ ಹುಡುಕಿ, ಗಾಳಿಯ ಪುಟ, ಸರ್ವಿಸ್ ಪುಟ ಎರಡರ ಫೋಟೋ ತೆಗೀರಿ.
- ಮಡ್‌ಗಾರ್ಡ್ ಮೇಲೆ ಗಾಳಿ ನಂಬರ್ ಬರೀರಿ, ರಿಮ್ ನಟ್‌ಗೆ ಕೆಂಪು ಹಚ್ಚಿ.
- ಒಂದು ಗೇಜ್ ತಗೊಳ್ಳಿ. ನಾಳೆ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ನಾಲ್ಕೂ ಟೈರ್ ನೋಡಿ. ಹೌದು, ನಾಲ್ಕು. ಸ್ಟೆಪ್ನಿ ಸೇರಿಸಿ.
- ಮುಂದಿನ ಸರ್ವಿಸ್ ತಾರೀಖಿಗೆ ಹತ್ತು ದಿನ ಮುಂಚೆ ಅಲಾರಂ ಇಡಿ.

ಒಟ್ಟು ಅರ್ಧ ಗಂಟೆ ಕೆಲಸ. ಮೂರು ತಿಂಗಳು ಬಿತ್ತಿ, ಔಷಧಿ ಹೊಡೆದು, ನೀರು ಕಟ್ಟಿ ಬೆಳೆದದ್ದು ಕೊನೇ ಮೂವತ್ತು ಕಿಲೋಮೀಟರ್‌ನಲ್ಲಿ ರಸ್ತೆ ಬದಿ ನಿಲ್ಲೋದು ಬೇಡ. ಪಂಕ್ಚರ್ ಅಂಗಡಿ ಅಣ್ಣ ಈಗಲೂ ಸಿಕ್ಕಾಗ ಕೇಳ್ತಾರೆ, "ಎಷ್ಟು ಪೌಂಡ್ ಇದೆಯಪ್ಪಾ?" ಈಗ ನನ್ನ ಹತ್ರ ಉತ್ತರ ಇದೆ.